ಸೆನ್ಸರ್ ಕೆಟ್ಟಿಲ್ಲ, ವೈರು ನೋಡಿ

ನಮ್ಮ ಬೀದಿಯ ಹತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿದ್ದಳು. ಥರ್ಮೋಕೋಲ್ ಡಬ್ಬ, ಒಂದು ಬಲ್ಬು, ಗಾಳಿಯಾಡಲು ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು, ಶಾಖ ಅಳೆಯಲು ಥರ್ಮಿಸ್ಟರ್ ಎಂಬ ಸೆನ್ಸರು. ಮೊಟ್ಟೆಗೆ ಬೇಕಾದದ್ದು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಪರದೆಯ ಮೇಲಿನ ಅಂಕಿಯೋ 36.9, 38, 37.2 ಎಂದು ಕುಣಿಯುತ್ತಿತ್ತು. ಪಕ್ಕದಲ್ಲಿಟ್ಟ ಗಾಜಿನ ಥರ್ಮಾಮೀಟರು ಮಾತ್ರ ನಿಂತಲ್ಲೇ ನಿಂತಿತ್ತು. 'ಇದೂ ಡೂಪ್ಲಿಕೇಟ್ ಮಾಲೇ ಇರಬೇಕು' ಎಂದು ಅವಳ ಅಪ್ಪ ಮೂರನೆಯ ಸೆನ್ಸರು ತರಲು ಹೊರಟಿದ್ದರು.

ತಡೆದು ನಿಲ್ಲಿಸಿ, ಬಲ್ಬಿನ ಪ್ಲಗ್ಗನ್ನು ಕೀಳಿಸಿದೆ. (ಸ್ವಿಚ್ಚು ಆರಿಸಿದರೆ ಸಾಲದು. ಅದು ನ್ಯೂಟ್ರಲ್ ವೈರಿನಲ್ಲಿ ಕೂತಿದ್ದರೆ ಬಲ್ಬು ಆರಿದರೂ ವೈರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಈ ಕೆಲಸ ದೊಡ್ಡವರೇ ಮಾಡಬೇಕು.) ಕುಣಿತ ನಿಂತಿತು!

ಇವಳ ಸರ್ಕಿಟ್‌ನಲ್ಲಿ ಒಂದು ಡಿಗ್ರಿ ಶಾಖಕ್ಕೆ ಆಗುವ ವ್ಯತ್ಯಾಸ ಸುಮಾರು 50 ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಇಪ್ಪತ್ತನೇ ಒಂದು ಪಾಲು. ಅಂದವಾಗಿರಲೆಂದು ಮೂರು ಮೀಟರ್ ಉದ್ದದ ಆ ವೈರನ್ನೂ ಬಲ್ಬಿನ ವೈರನ್ನೂ ಒಟ್ಟಿಗೆ ಸೇರಿಸಿ ಟೇಪು ಸುತ್ತಿದ್ದಳು. ಸಂತೆಯ ನಡುವೆ ನಿಂತು ಪಿಸುಗುಟ್ಟಿದ ಹಾಗೆ. ವೈರುಗಳು ತಾಗದಿದ್ದರೂ ಅಕ್ಕಪಕ್ಕದ ತಂತಿಗಳೇ ಒಂದು ಸಣ್ಣ ಕೆಪ್ಯಾಸಿಟರ್ ಆಗಿ, ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುವುದು ಇತ್ತ ನುಸುಳುತ್ತದೆ.

ಟೇಪು ಬಿಚ್ಚಿ ವೈರುಗಳನ್ನು ದೂರ ಮಾಡಿದೆವು. ಸೆನ್ಸರಿಗೆ ಮೈಕಿನ ಶೀಲ್ಡ್ ವೈರು ಹಾಕಿ, ಅದರ ಹೊರಜಾಲರಿಯನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡ್‌ಗೆ ಸೇರಿಸಿದೆವು. ಬಲ್ಬು ಮತ್ತೆ ಉರಿದರೂ ಕುಣಿತ ಬಹುಪಾಲು ಅಡಗಿತು. ಉಳಿದದ್ದನ್ನು ಸರಾಸರಿಯಿಂದ ಕಳೆಯಬಹುದು. ಅವಳ ಪ್ರೋಗ್ರಾಮಿನಲ್ಲಿ ಆಗಲೇ ಹತ್ತು ಅಳತೆಗಳ ಸರಾಸರಿ ಇತ್ತು. ಆದರೆ ಆ ಹತ್ತೂ ಒಂದೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದವು. ವಿದ್ಯುತ್ತಿನ ಒಂದು ಪೂರ್ತಿ ಏರಿಳಿತಕ್ಕೆ 20 ಮಿಲಿಸೆಕೆಂಡು ಬೇಕು. ಅಲೆಯ ನೆತ್ತಿಯ ಮೇಲೆ ನಿಂತು ಹತ್ತು ಸಲ ಅಳೆದರೆ ನೆತ್ತಿಯೇ ತಾನೆ ಸಿಗುವುದು? ಮಿಲಿಸೆಕೆಂಡಿಗೊಂದರಂತೆ ಇಪ್ಪತ್ತು ಅಳತೆ ತೆಗೆದಾಗ ಏರು ಇಳಿವು ಒಂದನ್ನೊಂದು ಹೊಡೆದುಹಾಕಿದವು.

ಇಷ್ಟಾದರೂ ಇನ್ನೊಂದು ಕಳ್ಳ ಉಳಿದಿದ್ದ. ಫ್ಯಾನು ಹಾಕಿದ ಆ ಕ್ಷಣವೇ ಅಂಕಿ ಅರ್ಧ ಡಿಗ್ರಿಗೂ ಮಿಗಿಲಾಗಿ ಕುಸಿಯುತ್ತಿತ್ತು. ಡಬ್ಬದೊಳಗಿನ ಶಾಖ ಅಷ್ಟು ಬೇಗ ಇಳಿಯುವುದಿಲ್ಲ. ನೋಡಿದರೆ ಫ್ಯಾನಿಗೂ ಸೆನ್ಸರಿಗೂ ಒಂದೇ ಸಣಕಲು ಗ್ರೌಂಡ್ ವೈರು. ಫ್ಯಾನಿನ 150 ಮಿಲಿಆಂಪಿಯರ್ ಅದರ 0.3 ಓಮ್ ರೋಧದಲ್ಲಿ ಹರಿದರೆ 45 ಮಿಲಿವೋಲ್ಟ್ ಏಳುತ್ತದೆ. ಎಷ್ಟು ಸರಾಸರಿ ತೆಗೆದರೂ ಇದು ಹೋಗದು, ಏಕೆಂದರೆ ಇದು ಕುಣಿಯುವುದಿಲ್ಲ. ಸುಮ್ಮನೆ ಕೂತು ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ ಬಲ್ಬು ಹೆಚ್ಚು ಹೊತ್ತು ಉರಿದರೆ ಮೊಟ್ಟೆಯ ಗತಿ? ಕುಣಿತಕ್ಕಿಂತ ನನಗೆ ಭಯವಾದದ್ದು ಇದೇ. ಫ್ಯಾನಿನ ಗ್ರೌಂಡನ್ನು ಬೇರೆ ವೈರಿನಲ್ಲಿ ನೇರ ಪವರ್ ಸಪ್ಲೈಗೆ ಎಳೆದಾಗ ಅದೂ ಸರಿಹೋಯಿತು.

ಅಪ್ಪ ತಂದಿದ್ದ ಎರಡನೆಯ ಸೆನ್ಸರನ್ನು ಅವಳು ಪೆಟ್ಟಿಗೆಯ ಇನ್ನೊಂದು ಮೂಲೆಗೆ ಸಿಕ್ಕಿಸಿದ್ದಾಳೆ. ಅಲ್ಲಿ ಬಲ್ಬಿನ ಬದಿಗಿಂತ ಒಂದು ಡಿಗ್ರಿ ಕಡಿಮೆ ತೋರುತ್ತಿದೆಯಂತೆ. ಗಾಜಿನ ಥರ್ಮಾಮೀಟರನ್ನು ಅಲ್ಲಿಟ್ಟು ನೋಡಿದಳು: ಈ ಸಲ ಅದು ನಿಜ.