ಇಂಟರ್‌ಲಾಕ್ ಟೈಲ್ಸ್ ಸಂದಿಗೆ ಸಿಮೆಂಟ್ ತುಂಬಿದರೆ ಹೆಚ್ಚು ಗಟ್ಟಿಯೇ?

ಮನೆಯ ಕಾರು ನಿಲ್ಲಿಸುವ ಜಾಗಕ್ಕೆ ಕಾಂಕ್ರೀಟಿನ ಇಂಟರ್‌ಲಾಕ್ ಟೈಲ್ಸ್ ಹಾಕಿಸುವಾಗ ಹಲವರು ಹೇಳುವ ಮಾತಿದು: 'ಸಂದಿಗೆ ಸಿಮೆಂಟ್ ತುಂಬಿಸಿ, ಅಲುಗಾಡುವುದಿಲ್ಲ.'

ಇದು ನಿಜವೇ? ಅಲ್ಲ.

ಈ ನೆಲದ ಬಲ ಇರುವುದು ಸಂದಿನ ಮರಳಿನಲ್ಲಿ. ಕಾರಿನ ಚಕ್ರ ಒಂದು ಟೈಲ್ ಮೇಲೆ ನಿಂತಾಗ, ಬಿಗಿಯಾಗಿ ಕೂತ ಮರಳು ಆ ಭಾರವನ್ನು ಅಕ್ಕಪಕ್ಕದ ಟೈಲ್‌ಗಳಿಗೂ ಹಂಚುತ್ತದೆ. ಅಂಕುಡೊಂಕು ಆಕಾರವೊಂದೇ ಈ ಕೆಲಸ ಮಾಡಲಾರದು.

ಸಿಮೆಂಟ್ ಗಟ್ಟಿ, ಆದರೆ ಬಾಗದು. ಟೈಲ್ಸ್ ಬಿಸಿಲಿಗೆ ಹಿಗ್ಗಿದಾಗ, ಭಾರಕ್ಕೆ ತುಸು ಅಲುಗಿದಾಗ ಅದು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ಮಳೆನೀರು ತಳವನ್ನು ಮೆತ್ತಗಾಗಿಸುತ್ತದೆ. ಮುಂದೆ ಪೈಪ್ ರಿಪೇರಿ ಬಂದರೆ ಟೈಲ್ಸ್ ಎತ್ತಲಾಗದು, ಒಡೆಯಬೇಕು.

ಹಾಗಾದರೆ ಟೈಲ್ಸ್ ಕುಸಿಯುವುದೇಕೆ? ಸಾಮಾನ್ಯವಾಗಿ ತಳ ಸರಿಯಿಲ್ಲದೆ, ಇಲ್ಲವೇ ಅಂಚಿಗೆ ಆಸರೆಯಿಲ್ಲದೆ.

ಹಾಕಿಸುವ ಮುನ್ನ ಇವನ್ನು ನೋಡಿ:

• ದಪ್ಪ: ಕಾರು ನಿಲ್ಲುವಲ್ಲಿ ಕನಿಷ್ಠ 60 ಮಿ.ಮೀ. 50 ಮಿ.ಮೀ. ಟೈಲ್ಸ್ ನಡೆದಾಡುವ ದಾರಿಗೆ ಸಾಕು. ಇವುಗಳಿಗೆ ಐಎಸ್ 15658 ಎಂಬ ಭಾರತೀಯ ಮಾನದಂಡವಿದೆ. ಅದರಂತೆ ತಯಾರಾಗಿವೆಯೇ ಎಂದು ಅಂಗಡಿಯಲ್ಲಿ ಕೇಳಿ.
• ತಳ: ಮಣ್ಣು, ಅದರ ಮೇಲಿನ ಜಲ್ಲಿ ಎರಡನ್ನೂ ಚೆನ್ನಾಗಿ ದಮ್ಮಸು ಮಾಡಿಸಿ. ಮೇಲೆ ಸುಮಾರು 3 ಸೆಂ.ಮೀ. ಮರಳು ಸಾಕು. ತಗ್ಗನ್ನು ಮರಳಿನಿಂದಲೇ ಮುಚ್ಚಿದರೆ ಅದೇ ಜಾಗ ಮತ್ತೆ ಕುಸಿಯುತ್ತದೆ.
• ಅಂಚು: ಸುತ್ತ ಕಾಂಕ್ರೀಟ್ ಕಟ್ಟು ಬೇಕು. ಸಿಮೆಂಟ್ ಬಳಸಬೇಕಾದದ್ದು ಇಲ್ಲಿ!
• ಇಳಿಜಾರು: ನೀರು ಮನೆಯ ಗೋಡೆಯಿಂದ ಆಚೆಗೆ ಹರಿಯಬೇಕು.
• ಸಂದು: ಒಣ ಸಣ್ಣ ಮರಳನ್ನು ಗುಡಿಸಿ ತುಂಬಿ, ಯಂತ್ರದಿಂದ ಅದುಮಿಸಿ. ಮಳೆಗೆ ಮರಳು ಕೊಚ್ಚಿಹೋದರೆ ಮತ್ತೆ ತುಂಬಿ.

ನೆನಪಿಡಿ: ಸಂದಿಗೆ ಸುರಿಯುವ ಸಿಮೆಂಟಿನ ಹಣವನ್ನು ತಳ ಗಟ್ಟಿ ಮಾಡಲು ಬಳಸಿ.