ಹಳೆಯ ಪತ್ರಿಕೆಗಳಿಗೆ ವಾರಸುದಾರರು ಯಾರು?



ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಜುಲೈ 1 ಎರಡು ಬಗೆಯಲ್ಲಿ ಆಪ್ತವಾದ ದಿನ. 1822ರ ಆ ದಿನ ಗುಜರಾತಿ ಭಾಷೆಯ ‘ಮುಂಬೈ ಸಮಾಚಾರ್’ ಹುಟ್ಟಿತು. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ಇಂಥ ದೀರ್ಘ ಪರಂಪರೆಯುಳ್ಳ ಪತ್ರಿಕೆಗಳ ಹಳೆಯ ಪುಟಗಳು ಸಾಮಾನ್ಯ ಓದುಗನ ಕೈತಪ್ಪುತ್ತಿವೆಯಲ್ಲ ಎಂಬುದೇ ಈಚೆಗೆ ನನ್ನನ್ನು ಕಾಡುತ್ತಿರುವ ಚಿಂತೆ.

ಕೇಂದ್ರ ಸರ್ಕಾರದ ಸೇವೆ ನನ್ನನ್ನು ಅನೇಕ ಊರು ಸುತ್ತಿಸಿ ಅಹಮದಾಬಾದಿಗೆ ತಂದಿತು. ಬೆಂಗಳೂರು, ಧಾರವಾಡಗಳ ಗ್ರಂಥಾಲಯಗಳಿಂದ ದೂರವಾದ ನನ್ನಂಥವರಿಗೆ ಅಂತರ್ಜಾಲದ ಉಚಿತ ಸಂಗ್ರಹಗಳು ವರವೆನಿಸಿದ್ದವು. ಗೂಗಲ್ ಸಂಸ್ಥೆಯು ‘ಇಂಡಿಯನ್ ಎಕ್ಸ್‌ಪ್ರೆಸ್’ ಸೇರಿದಂತೆ ಹಲವು ದೇಶಗಳ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ತೆರೆದಿಟ್ಟಿತ್ತು. 2011ರಲ್ಲಿ ಆ ಕಾರ್ಯವನ್ನು ನಿಲ್ಲಿಸಿತು. ಹುಡುಕುವ ಸೌಲಭ್ಯವೂ ಕ್ರಮೇಣ ಸೊರಗಿತು. ಅದೇ ವರ್ಷ ಆರಂಭವಾದ ಬ್ರಿಟಿಷ್ ಪತ್ರಿಕೆಗಳ ಸಂಗ್ರಹದಲ್ಲಿ ಬಹುಪಾಲು ಪುಟಗಳನ್ನು ಓದಲು ಚಂದಾ ತೆರಬೇಕು. ಉಚಿತವಾಗಿಯೇ ಉಳಿದಿರುವ ಇಂಟರ್ನೆಟ್ ಆರ್ಕೈವ್ 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಲುಕಿ ಹಲವು ದಿನ ಬಾಗಿಲು ಮುಚ್ಚಬೇಕಾಯಿತು. ಅನ್ಯರ ಕೃಪೆಯಿಂದ ದೊರೆತದ್ದು ಎಂದಾದರೂ ಕೈಬಿಡಬಹುದು.

ಹಾಗೆಂದು ನಿರಾಶರಾಗಬೇಕಿಲ್ಲ. ನಮ್ಮ ಊರಿನ ಸಾಬರಮತಿ ಆಶ್ರಮದ ಟ್ರಸ್ಟ್ 2013ರಿಂದ ‘ಗಾಂಧಿ ಹೆರಿಟೇಜ್ ಪೋರ್ಟಲ್’ ನಡೆಸುತ್ತಿದೆ. ‘ನವಜೀವನ’, ‘ಯಂಗ್ ಇಂಡಿಯಾ’, ‘ಹರಿಜನ’ ಪತ್ರಿಕೆಗಳ ಪುಟಗಳನ್ನು ಯಾರು ಬೇಕಾದರೂ ಅಲ್ಲಿ ಹಣ ಕೊಡದೆ ಓದಬಹುದು. ಗಾಂಧೀಜಿಯವರ ಬರಹವನ್ನು ಕಾಯುವುದು ತನ್ನ ಹೊಣೆಯೆಂದು ಒಂದು ಸಂಸ್ಥೆ ಭಾವಿಸಿದ್ದರಿಂದಲೇ ಇದು ಸಾಧ್ಯವಾಯಿತು. ನೂರು ವರ್ಷಗಳಿಗೂ ಹಿಂದೆ, 1910ರಲ್ಲಿ, ಪ್ರಜೆಗಳಿಗೆ ಉಚಿತ ಗ್ರಂಥಾಲಯವೆಂದು ವಡೋದರಾದಲ್ಲಿ ಕೆಲಸ ಆರಂಭಿಸಿದ ಸಯ್ಯಾಜಿರಾವ್ ಮಹಾರಾಜರದೂ ಇದೇ ಭಾವನೆ.

ಕನ್ನಡದ ಹಳೆಯ ಪತ್ರಿಕೆಗಳಿಗೆ ಹೀಗೆ ಹೊಣೆ ಹೊರುವವರು ಯಾರು? ಕರ್ನಾಟಕ ಸರ್ಕಾರ, ವಿಶ್ವವಿದ್ಯಾಲಯಗಳು, ಪತ್ರಿಕಾ ಸಂಸ್ಥೆಗಳು ಉತ್ತರಿಸಬೇಕು, ನಿಜ. ಆದರೆ ಕೇಳುವ ನಾವೇನು ಮಾಡಿದ್ದೇವೆ? ನಾಚಿಕೆಯಿಂದಲೇ ಹೇಳುತ್ತೇನೆ: ಈ ತ್ರೈಮಾಸಿಕದ ಹಳೆಯ ಸಂಚಿಕೆಗಳೆಲ್ಲವೂ ಸಂಘದ ಕಪಾಟಿನಲ್ಲಿಲ್ಲ. ನಾವು ಇಲ್ಲಿ ಹೇಗೆ ಬದುಕಿದೆವು, ಯಾವ ನಾಟಕವಾಡಿದೆವು, ಯಾರನ್ನು ಕಳೆದುಕೊಂಡೆವು ಎಂಬುದಕ್ಕೆ ಬೇರೆಲ್ಲಿಯೂ ದಾಖಲೆಯಿಲ್ಲ.

ಅಹಮದಾಬಾದ್, ವಡೋದರಾ, ಸೂರತ್‌ಗಳ ಬಂಧುಗಳು ಮನೆಯ ಅಟ್ಟವನ್ನೊಮ್ಮೆ ನೋಡಬೇಕೆಂದು ವಿನಂತಿ. ದೊರೆತ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸಿ, ಮೂರೂ ನಗರಗಳಲ್ಲಿ ಒಂದೊಂದು ಪ್ರತಿ ಇಡೋಣ. ನಮ್ಮದನ್ನು ನಾವು ಕಾಯ್ದ ಮೇಲೆ ಉಳಿದವರನ್ನು ಕೇಳುವ ಹಕ್ಕು ತಾನಾಗಿ ಬರುತ್ತದೆ.