ಬೋರು ಕೊರೆದರೆ ಪ್ರಗತಿ, ಕಟ್ಟ ಕಟ್ಟಿದರೆ?

ದೇಶದ ಆರ್ಥಿಕ ಬೆಳವಣಿಗೆ ಇಂತಿಷ್ಟು ಶೇಕಡಾ ಎಂದು ಪೇಪರಿನಲ್ಲಿ ಆಗಾಗ ಬರುತ್ತದೆ. ಏರಿದರೆ ಸಂಭ್ರಮ, ಇಳಿದರೆ ಗಾಬರಿ. ಆದರೆ ಈ ಶೇಕಡಾ ನಮ್ಮ ತೋಟದ ಬಾವಿಯ ಬಗ್ಗೆ ಏನು ಹೇಳುತ್ತದೆ ಎಂದು ಕೃಷಿಕರಾದ ನಾವು ಕೇಳಿದ್ದು ಕಮ್ಮಿ. ನನಗೆ ಅರ್ಥವಾದ ಮಟ್ಟಿಗೆ ನೀರಿನ ವಿಚಾರದಲ್ಲಿ ಈ ಲೆಕ್ಕ ಪೂರಾ ತಲೆಕೆಳಗು.

ಒಬ್ಬರು ಬೋರು ಕೊರೆಸುತ್ತಾರೆ ಎಂದಿಟ್ಟುಕೊಳ್ಳಿ. ಲಾರಿ ಬಾಡಿಗೆ, ಡೀಸೆಲು, ಕೇಸಿಂಗ್ ಪೈಪು, ಪಂಪು, ಕೇಬಲ್ಲು - ಎಲ್ಲದಕ್ಕೂ ದುಡ್ಡು ಕೈ ಬದಲಾಯಿತು. ಇದೆಲ್ಲ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪನ್ನಕ್ಕೆ ಜಮೆ. ನೀರು ಬರಲಿಲ್ಲ, ಇನ್ನೊಂದು ಕೊರೆಸಿದರು. ಮತ್ತೊಮ್ಮೆ ಜಮೆ! ಕೃಷಿಕನ ಸಾಲ ಎರಡು ಪಾಲಾಯಿತು, ದೇಶದ ಪ್ರಗತಿಯೂ ಎರಡು ಪಾಲಾಯಿತು.

ಇನ್ನು ಅದೇ ತೋಡಿನ ಬದಿಯ ಆರು ಮನೆಯವರು ಸೇರಿ ಕಟ್ಟ ಕಟ್ಟುತ್ತಾರೆ. ಕಲ್ಲು, ಮಣ್ಣು, ಅಡಿಕೆಮರ ಅಲ್ಲಿಯದ್ದೇ. ದುಡಿಮೆ ಮನೆಮಂದಿಯದ್ದೇ. ಹೊರಗಿಂದ ತಂದದ್ದು ಒಂದು ಪ್ಲಾಸ್ಟಿಕ್ ಶೀಟು. ಆ ಶೀಟಿನ ಬಿಲ್ಲು ಮಾತ್ರ ಲೆಕ್ಕಕ್ಕೆ. ಎರಡೂ ದಡದ ಬಾವಿಗಳಲ್ಲಿ ನೀರೇರಿದ್ದಕ್ಕೆ ಯಾವ ಪುಸ್ತಕದಲ್ಲೂ ಜಾಗವಿಲ್ಲ. ಅಡಿಕೆ ಮಾರಿ ಬಂದ ಹಣ ಎರಡು ಕಡೆಯೂ ಒಂದೇ. ಆದರೆ ಬೋರು ನೆಲದಡಿಯಿಂದ ಖಾಲಿ ಮಾಡಿದ ನೀರನ್ನು ಯಾರೂ ಕಳೆಯುವುದಿಲ್ಲ.

ಇದು ನನ್ನೊಬ್ಬನ ತಕರಾರಲ್ಲ. ರಾಷ್ಟ್ರೀಯ ಆದಾಯ ಲೆಕ್ಕ ಹಾಕುವ ಕ್ರಮ ರೂಪಿಸಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲೇ ಎಚ್ಚರಿಸಿದ್ದರು - ಈ ಲೆಕ್ಕ ನೋಡಿ ಜನರ ಕ್ಷೇಮ ಹೇಗಿದೆ ಎಂದು ತೀರ್ಮಾನಿಸಲಿಕ್ಕಾಗದು ಅಂತ. ಎಚ್ಚರಿಕೆ ಮರೆತುಹೋಯಿತು, ಲೆಕ್ಕ ಮಾತ್ರ ಉಳಿಯಿತು.

ಗಂಟು ಮತ್ತು ಹರಿವು

ಗಾಂಧೀಜಿಯ ಜತೆಗಿದ್ದ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಸಂಪತ್ತನ್ನು ಎರಡಾಗಿ ನೋಡಿದರು. ಕಲ್ಲಿದ್ದಲು, ಪೆಟ್ರೋಲಿಯಂ ಹಾಗೆ ತೆಗೆದಷ್ಟೂ ಮುಗಿಯುವ ಗಂಟು ಒಂದು. ಮಳೆ, ಹೊಳೆ, ಕಾಡಿನ ಹಾಗೆ ವರ್ಷವರ್ಷ ಬರುವ ಹರಿವು ಇನ್ನೊಂದು. ಗಂಟನ್ನು ನಂಬಿದ ಬದುಕು ಜಗಳಕ್ಕೆ ದಾರಿ, ಹರಿವನ್ನು ನಂಬಿದ್ದು ಬಾಳಿಕೆಗೆ ದಾರಿ ಎಂಬುದು ಅವರ ವಾದದ ಸಾರ. 'ಎಕಾನಮಿ ಆಫ್ ಪರ್ಮನೆನ್ಸ್' ಎಂಬ ಅವರ ಪುಸ್ತಕ 1945ರದ್ದು.

ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ತೋಡು, ಮದಕ, ಸುರಂಗ, ತೆರೆದ ಬಾವಿ - ಇವು ಹರಿವು. ಮುರಕಲ್ಲಿನಡಿಯ ಗಟ್ಟಿ ಬಂಡೆಯ ಬಿರುಕಿನಲ್ಲಿ ನಿಂತ ನೀರು ಗಂಟು. ಅಲ್ಲಿಗೆ ಮಳೆನೀರು ಇಳಿಯುವುದು ಬಹಳ ನಿಧಾನ. ನಾವು ತೆಗೆಯುವುದು ಮಾತ್ರ ಬಹಳ ಬೇಗ.

ನಮ್ಮ ತೋಡಿನಲ್ಲಿ ನನ್ನ ಅಪ್ಪನ ಕಾಲಕ್ಕೆ ಒಂದರ ಕೆಳಗೊಂದು ನಾಲ್ಕು ಕಟ್ಟ ಇತ್ತು. ಈಗ ಉಳಿದಿರುವುದು ಒಂದೇ. ಕಟ್ಟ ನಿಂತಲ್ಲೆಲ್ಲ ಗುಡ್ಡೆಯಲ್ಲಿ ಬೋರು ಎದ್ದಿತು. ಮೊದಲು ಮೇ ಕೊನೆಗೂ ಆಳು ಮುಳುಗುವಷ್ಟು ನೀರಿದ್ದ ನಮ್ಮ ಬಾವಿಯಲ್ಲಿ ಈಗ ಏಪ್ರಿಲಿಗೇ ತಳದ ಕಲ್ಲು ಕಾಣುತ್ತದೆ. ಬೋರು ಹಾಕಿದವರಿಗೂ ಸುಖವಿಲ್ಲ. ಮುನ್ನೂರು ಅಡಿಯದ್ದು ನಿಂತಿತು ಅಂತ ಐನೂರಕ್ಕೆ ಹೋದವರಿದ್ದಾರೆ.

ಇದರ ಕೊನೆ ಎಲ್ಲಿ ಎಂದು ತಿಳಿಯಲು ಕೋಲಾರ ನೋಡಿದರೆ ಸಾಕು. ಕೆರೆಗಳಿಗೆ ಹೆಸರಾದ ಜಿಲ್ಲೆ ಅದು. ಅಲ್ಲಿ ಬೋರಿನ ಆಳ ಸಾವಿರ ಅಡಿ ದಾಟಿತು. ನೀರಿನಲ್ಲಿ ಫ್ಲೋರೈಡು ಬಂತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪು ಮಾಡಿ ಅಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಕೊರೆದದ್ದೂ ಪ್ರಗತಿ, ಫ್ಲೋರೈಡು ತೆಗೆಯುವ ಯಂತ್ರವೂ ಪ್ರಗತಿ, ಕೊಳಚೆ ನೀರಿನ ಪೈಪೂ ಪ್ರಗತಿ. ಕಳಕೊಂಡ ಕೆರೆ ಮಾತ್ರ ಲೆಕ್ಕದಲ್ಲಿಲ್ಲ.

ನಮಗೆ ನಿಜಕ್ಕೂ ನೀರಿಲ್ಲವೇ?

ಕೂತು ಲೆಕ್ಕ ಹಾಕೋಣ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಮಳೆ ಎಂದು ಹಿಡಿದರೆ ಒಂದು ಎಕ್ರೆಯ ಮೇಲೆ ಬೀಳುವ ನೀರು ಸುಮಾರು 1 ಕೋಟಿ 41 ಲಕ್ಷ ಲೀಟರ್. 9 ಅಡಿ ಅಂತರದ ತೋಟದಲ್ಲಿ ಎಕ್ರೆಗೆ 540 ಅಡಿಕೆ ಮರ. ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 20 ಲೀಟರ್ ಧಾರಾಳ. ಬೇಸಗೆಯ 150 ದಿನಕ್ಕೆ ಒಟ್ಟು 16 ಲಕ್ಷ 20 ಸಾವಿರ ಲೀಟರ್. ಬಿದ್ದದ್ದರಲ್ಲಿ ಎಂಟನೇ ಒಂದು ಪಾಲೂ ಆಗಲಿಲ್ಲ! ಬಿದ್ದದ್ದೆಲ್ಲ ಹಿಡಿಯಲಿಕ್ಕಾಗದು, ಒಪ್ಪಿದೆ. ಆದರೆ ಕೊರತೆ ಇರುವುದು ಮಳೆಗಲ್ಲ, ನಿಲ್ಲಿಸುವ ಕೆಲಸಕ್ಕೆ ಎಂಬುದಂತೂ ಖಂಡಿತ.

ಹಾಗಾದರೆ ಕಟ್ಟ ಯಾಕೆ ನಿಂತಿತು? "ಈಗ ಯಾರಿಗೆ ಪುರುಸೊತ್ತುಂಟು ಭಾವ? ಆಳು ಎಲ್ಲಿಂದ ತರುದು?" ಎಂದು ನೆರೆಯವರು ಕೇಳುತ್ತಾರೆ. ಮಾತಿನಲ್ಲಿ ಸತ್ಯ ಉಂಟು. ಮಕ್ಕಳು ಪೇಟೆಯಲ್ಲಿ, ಆಳಿನ ಸಂಬಳ ಏರಿದೆ. ಅದೇ ಹೊತ್ತಿಗೆ ಬೋರಿಗೆ ಸಾಲ ಸಿಗುತ್ತದೆ. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಬಿಲ್ಲೂ ಇಲ್ಲ. ಒಬ್ಬನೇ ಸ್ವಿಚ್ಚು ಒತ್ತಿದರೆ ಆಗುವ ಕೆಲಸಕ್ಕೆ ಆರು ಮನೆಯವರನ್ನು ಒಪ್ಪಿಸುವ ಉಸಾಬರಿ ಯಾರಿಗೆ ಬೇಕು? ನೆಲದಡಿಯ ನೀರು ಬಿಟ್ಟಿ ಎಂದು ಭಾವಿಸುವಷ್ಟು ಕಾಲ ಕಟ್ಟ ದುಬಾರಿಯಾಗಿಯೇ ಕಾಣುತ್ತದೆ.

ಸರಕಾರಿ ಕಿಂಡಿ ಅಣೆಕಟ್ಟುಗಳ ಕಥೆಯೂ ಇದೇ. ಕಾಂಕ್ರೀಟು ಎದ್ದಿತು, ಬಿಲ್ಲು ಪಾಸಾಯಿತು, ಪ್ರಗತಿ ದಾಖಲಾಯಿತು. ಹಲಗೆ ಇಡುವ ಕೆಲಸಕ್ಕೆ ಬಿಲ್ಲಿಲ್ಲ, ಹಾಗಾಗಿ ಜನವೂ ಇಲ್ಲ. ಹರಿವು ಜೋರಾಗಿರುವಾಗಲೇ ಹಲಗೆ ಕೂರದಿದ್ದರೆ ಮತ್ತೆ ಇಟ್ಟೇನು ಫಲ?

ದಾರಿ ಏನು?

ಹಿಂದಿನ ಕಾಲವೇ ಚೆನ್ನ ಎಂಬುದು ನನ್ನ ವಾದವಲ್ಲ. ರಸ್ತೆ, ಕರೆಂಟು, ಆಸ್ಪತ್ರೆ ಬಂದದ್ದು ಒಳ್ಳೆಯದೇ. ಬಾವಿಗೆ ಜಾಗವೇ ಇಲ್ಲದ ಗುಡ್ಡೆಯ ಮನೆಗೆ ಕುಡಿಯಲು ಒಂದು ಬೋರು ಬೇಕಾದೀತು. ಅದನ್ನು ಆಕ್ಷೇಪಿಸುವುದಿಲ್ಲ. ಅದೇ ಗಂಟಿನಿಂದ ಹೊಸ ಹೊಸ ತೋಟಕ್ಕೆ ನೀರು ಹಾರಿಸುವುದು ಬೇರೆ.

ನನ್ನ ಸಲಹೆ ನಾಲ್ಕು. ಒಂದು, ಕಟ್ಟ ಒಬ್ಬರ ಜಾಗದಲ್ಲಿ ಅಲ್ಲ, ತೋಡಿನುದ್ದಕ್ಕೂ ಸರಣಿಯಾಗಿ ಆಗಬೇಕು. ಮೇಲಿನವರ ಕಟ್ಟದಿಂದ ಇಂಗಿದ್ದೇ ಕೆಳಗಿನವರಿಗೆ ಒರತೆ. ಮಣ್ಣು ಹೊರಲು ಆಳಿಲ್ಲದಿದ್ದರೆ ಜೇಸಿಬಿ ತನ್ನಿ, ಮರಳು ಚೀಲ ಇಡಿ. ಖರ್ಚು ಹಂಚಿಕೊಂಡರೆ ಮನೆಯೊಂದಕ್ಕೆ ಬರುವುದು ಬೋರಿನ ಖರ್ಚಿನ ಒಂದು ಚೂರು. ಎರಡು, ಗುಡ್ಡೆಯ ಮೇಲೆ ಹೂಳು ತುಂಬಿದ ಮದಕವಿದ್ದರೆ ಮೊದಲು ಅದನ್ನು ಬಿಡಿಸಿ. ಮೂರು, ಬೇಸಗೆಯ ನೀರು ಎಷ್ಟುಂಟು ಎಂದು ನೋಡಿಕೊಂಡೇ ಹೊಸ ಸಸಿ ನೆಡಿ. ಗದ್ದೆ ಉಳಿದಿದ್ದರೆ ಅದು ಮಳೆಗಾಲದಲ್ಲಿ ನೀರು ಇಂಗಿಸುವ ಜಾಗ ಎಂಬುದು ನೆನಪಿರಲಿ.

ನಾಲ್ಕನೆಯದು ಲೆಕ್ಕದ್ದು. ಪ್ರತಿ ವರ್ಷ ಏಪ್ರಿಲ್ 30ಕ್ಕೆ ಊರಿನ ಹತ್ತು ಬಾವಿಗಳಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯಿರಿ. ಶಾಲೆಯ ಅಥವಾ ಸೊಸೈಟಿಯ ಗೋಡೆಯಲ್ಲಿ ಬರೆದಿಡಿ. ಕಾಸು ಖರ್ಚಿಲ್ಲ. ಹಿಂದಿನ ವರ್ಷಕ್ಕಿಂತ ಒಂದಡಿ ಏರಿದರೆ ನಮ್ಮೂರು ಅಷ್ಟು ಪ್ರಗತಿ ಹೊಂದಿತು. ಇಳಿದರೆ, ದಿಲ್ಲಿಯವರು ಎಷ್ಟು ಶೇಕಡಾ ಹೇಳಿದರೂ, ನಾವು ಅಷ್ಟು ಬಡವರಾದೆವು.

ಈ ಸಲ ತುಲಾ ಮಳೆ ನಿಂತು ತೋಡು ತಿಳಿಯಾಗುವ ಮೊದಲೇ ನಮ್ಮ ತೋಡಿನ ಆರೂ ಮನೆಗಳನ್ನು ಕೂರಿಸಿ ಮಾತಾಡುವುದೆಂದು ನಿಶ್ಚಯಿಸಿದ್ದೇನೆ. ಒಂದಿದ್ದದ್ದು ಎರಡಾದರೂ ಆಗಬೇಕು. ನಿಮ್ಮೂರಿನಲ್ಲಿ ಕಟ್ಟ ಎಷ್ಟಿತ್ತು, ಈಗ ಎಷ್ಟುಂಟು? ಎಣಿಸಿ ನೋಡಿ, ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.